ಕಲಾ ನಿರ್ದೇಶನ ಯಾವಾಗ? ಒಂದೇ ಆಟವನ್ನು ಮೂರು ಸಲ ಕಟ್ಟಿ ನೋಡಿದೆವು

ಕಾಫಿ ತೋಟದಲ್ಲಿ ಒಂದು ಸಿಲ್ವರ್ ಓಕ್‌ನಿಂದ ಇನ್ನೊಂದಕ್ಕೆ ಹಾರುವ ಕೆಂಜಳಿಲು (ನಮ್ಮ ಕಾಡಿನ ದೊಡ್ಡ ಅಳಿಲು): ಇಷ್ಟೇ ನಮ್ಮ ವಿಡಿಯೊ ಆಟ. ಮಡಿಕೇರಿಯಲ್ಲಿ ನಾನು ಕೋಡ್ ಬರೆಯುತ್ತೇನೆ, ಗೆಳತಿ ಚಿತ್ರ ಬರೆಯುತ್ತಾಳೆ. ಆಟ ಹೇಗೆ ಕಾಣಬೇಕೆಂಬ ತೀರ್ಮಾನ, ಅಂದರೆ ಕಲಾ ನಿರ್ದೇಶನ, ಯಾವ ಹಂತದಲ್ಲಿ ಬರಬೇಕೆಂದು ತಿಳಿಯಲು ಮೂರು ಸಲ ಕಟ್ಟಿದೆವು.

ಮೊದಲ ಸಲ ಚಿತ್ರಕ್ಕೇ ಮೊದಲ ಮಣೆ. ಹೂಮಳೆಯ ನಂತರ ಬಿಳಿಯಾದ ತೋಟ, ಮರ ತಬ್ಬಿದ ಮೆಣಸಿನ ಬಳ್ಳಿ, ಎಲ್ಲವೂ ಕಣ್ಣಿಗೆ ಕಟ್ಟುವಂತಿತ್ತು. ಆಡಿಸಿ ನೋಡಿದಾಗ ನೆಗೆತ ಗಿಡ್ಡವೆನಿಸಿತು. ಅದನ್ನು ಒಂದೂವರೆ ಪಟ್ಟು ಹೆಚ್ಚಿಸಿದೊಡನೆ ಮರಗಳ ಅಂತರವೆಲ್ಲ ತಪ್ಪಾಯಿತು. ಅವಳ ಹದಿನಾಲ್ಕು ಹಿನ್ನೆಲೆಗಳಲ್ಲಿ ಒಂಬತ್ತನ್ನು ಕೈಬಿಟ್ಟೆವು. ಆ ನೋವು ನನಗೆ ಇನ್ನೂ ಇದೆ.

ಎರಡನೆಯ ಸಲ, ಆಟ ಕಟ್ಟುವ ತಂತ್ರಾಂಶವಾದ ಗೊಡೊದಲ್ಲಿ, ಚಿತ್ರಗಳ ಬದಲು ಬರೀ ಬೂದು ಡಬ್ಬಗಳು. ವಾರದೊಳಗೆ ನೆಗೆತ ಹದಕ್ಕೆ ಬಂತು. ಆ ಉತ್ಸಾಹದಲ್ಲಿ ಇಪ್ಪತ್ತು ಹಂತ ಕಟ್ಟಿಬಿಟ್ಟೆ. ಆಮೇಲೆ ಚಿತ್ರ ಬಂತು. ಕೆಂಜಳಿಲಿನ ಬಾಲ ಮೈಗಿಂತ ಉದ್ದ. ನನ್ನ 32 ಪಿಕ್ಸೆಲ್‌ನ ಚೌಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮಂಜೂ ಬಿಳಿ, ಕಾಫಿ ಹೂವೂ ಬಿಳಿ, ಕಾಲಿಡಬೇಕಾದ ಕೊಂಬೆ ಎರಡರ ನಡುವೆ ಮಾಯ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಆಟದ ಪುಟವನ್ನು ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲೇ ತೆರೆದಿಡಬೇಕು. ಅಲ್ಲಿ ಹಾಕಲು ಒಂದು ಒಳ್ಳೆಯ ಚಿತ್ರವೂ ನಮ್ಮಲ್ಲಿರಲಿಲ್ಲ. 2012ರ ‘ಥಾಮಸ್ ವಾಸ್ ಅಲೋನ್’ ಎಂಬ ಆಟ ಬಣ್ಣದ ಆಯತಗಳಲ್ಲೇ ಗೆದ್ದಿತಲ್ಲ ಎಂದು ಕೆಲವರು ಹೇಳುತ್ತಾರೆ. ಅಲ್ಲಿ ಆಯತವೇ ಪಾತ್ರ. ಅದು ಕಲಾ ನಿರ್ದೇಶನದ ತೀರ್ಮಾನ, ಚಿತ್ರದ ಕೊರತೆಯಲ್ಲ.

ಮೂರನೆಯ ಸಲ ನೆಗೆತ ಹದವಾದ ದಿನವೇ, ಎರಡನೆಯ ಹಂತ ಶುರುವಾಗುವ ಮೊದಲೇ, ಅವಳನ್ನು ಕರೆದೆ. ಒಂದೇ ಒಂದು ಪರದೆಯನ್ನು ಪೂರ್ತಿ ಮುಗಿಸಿದಳು. ಕ್ಯಾಮೆರಾ ಎಷ್ಟು ದೂರ, ಬಾಲಕ್ಕೆಷ್ಟು ಜಾಗ ಎಂಬುದು ಅಲ್ಲೇ ತೀರ್ಮಾನವಾಯಿತು. ಮಂಜಿಗೆ ಸಂಜೆಯ ನೀಲಿ ಕೊಟ್ಟಳು, ಕಾಲಿಡುವ ಕೊಂಬೆಯನ್ನು ಎಲ್ಲಕ್ಕಿಂತ ಕಪ್ಪಾಗಿಸಿದಳು. ಮರದ ಬುಡದ ಕಾಫಿ ಗಿಡದಲ್ಲಿ ಹೂವು ಅರಳಿದ್ದರೆ ಮುಂದಿನ ನೆಗೆತ ಆ ಮರಕ್ಕೆ. ನಾನು ಬಾಣದ ಗುರುತು ಹಾಕಬೇಕೆಂದಿದ್ದ ಕಡೆಯೆಲ್ಲ ಅವಳು ಹೂವರಳಿಸಿದಳು! ಪರದೆಯನ್ನು ಕಪ್ಪು ಬಿಳುಪಿಗೆ ತಿರುಗಿಸಿ ಕೋಣೆಯ ಆಚೆ ತುದಿಯಿಂದ ನೋಡಿದೆವು. ಅಳಿಲು ತಟ್ಟನೆ ಕಂಡಿತು. ಉಳಿದ ಹಂತಗಳು ಮತ್ತೆ ಬೂದು ಡಬ್ಬಗಳಲ್ಲೇ, ಆದರೆ ಈ ಅಳತೆಯಲ್ಲಿ.

‘ಕಪ್‌ಹೆಡ್’ ಎಂಬ ಆಟದ ಥರ ಕೈಯಲ್ಲಿ ಬರೆದ ಚಿತ್ರವೇ ಆಟದ ಜೀವವಾಗಿದ್ದರೆ ಮೊದಲ ದಾರಿಯನ್ನು ನಾನು ಬೇಡವೆನ್ನುವುದಿಲ್ಲ. ನಮ್ಮಂಥ ಇಬ್ಬರಿಗೆ ಮೂರನೆಯದೇ ಸರಿ.

ಈಗ ಮಳೆಗಾಲದ ಹಂತಗಳಿಗೆ ಬಂದಿದ್ದೇವೆ. ಆಗ ಕಾಫಿ ಹೂವಿರುವುದಿಲ್ಲ. ಗುರುತಿಗೆ ಏನಿಡುವುದೆಂದು ಅವಳು ಮತ್ತೊಂದು ಪರದೆ ಬರೆಯುತ್ತಿದ್ದಾಳೆ. ಅದು ಮುಗಿಯುವವರೆಗೆ ನಾನು ಹಂತ ಕಟ್ಟುವುದಿಲ್ಲ.