ಉದ್ಯಮಬಾಗದ ಪೈನ್ ಹಲಗೆ: ಕರಾಟೆ ಕಲಿಯುವ ಮಕ್ಕಳಿಗೆ ಇಲ್ಲಿಂದಲೇ ತನ್ನಿ

ಮಗಳ ಕರಾಟೆ ಬೆಲ್ಟ್ ಪರೀಕ್ಷೆಯಲ್ಲಿ ಕೈಯಿಂದ ಹೊಡೆದು ಮುರಿಯಲು ಹಲಗೆ ಹುಡುಕಿ ಸಾಕಾಗಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಕಾರ್ಖಾನೆಗಳ ಪ್ಯಾಕಿಂಗ್ ಪೆಟ್ಟಿಗೆಗೆ ಪೈನ್ ಕುಯ್ದು ಕೊಡುವ ಒಂದು ಸಣ್ಣ ಕಟ್ಟಿಗೆ ಅಡ್ಡೆ ಇದೆ. ಅಲ್ಲಿಂದ ಮೂರು ಸಲ ತಂದಿದ್ದೇನೆ, ಮೂರೂ ಸಲ ಚೆನ್ನಾಗಿತ್ತು.

ಅದಕ್ಕೂ ಮೊದಲು ಜುಲೈನಲ್ಲಿ ಬೇರೆ ಕಡೆ ತಂದಿದ್ದೆ. ನಮ್ಮೂರ ಮಳೆ ಗೊತ್ತಲ್ವಾ, ಹಲಗೆ ಹಸಿ ಇತ್ತು. ಮಗಳು ಜೋರಾಗಿ ಹೊಡೆದಳು. ಅದು ಬಾಗಿತು, ಮತ್ತೆ ನೆಟ್ಟಗಾಯಿತು, ಮುರಿಯಲೇ ಇಲ್ಲ. ಅಂಗೈ ಬುಡ ಎರಡು ದಿನ ಊದಿತ್ತು. ಹಲಗೆ ಮುರಿದರೆ ಕೈ ಸಲೀಸಾಗಿ ದಾಟಿ ಹೋಗುತ್ತದೆ, ಮುರಿಯದಿದ್ದರೆ ಅಷ್ಟೂ ವೇಗ ಅಲ್ಲೇ ನಿಂತು ಪೆಟ್ಟೆಲ್ಲ ಕೈಗೇ ಬೀಳುತ್ತದೆ.

ಈ ಅಡ್ಡೆಯ ಕಾಕಾ ಮೊದಲು ಹಲಗೆಯ ಮೇಲೆ ಉಗುರು ಎಳೆದು ತೋರಿಸಿದರು. "ಎಳಿ ಗುಂಟ ಸೀಳತದ ನೋಡ್ರಿ, ಅಡ್ಡ ಸೀಳಂಗಿಲ್ಲ." ಇಷ್ಟೇ ವಿಷಯ, ಆದರೆ ಎಲ್ಲ ಇದರ ಮೇಲೇ ನಿಂತಿದೆ. ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಇರುವ ಎರಡು ಅಂಚುಗಳನ್ನೇ ಹಿಡಿಯಬೇಕು, ನಡುವೆ ಹೊಡೆಯಬೇಕು. ಏಟು ಬಿದ್ದಾಗ ಮುಂದಿನ ಮೈ ಒತ್ತಿಕೊಳ್ಳುತ್ತದೆ, ಹಿಂದಿನ ಮೈ ಹಿಗ್ಗುತ್ತದೆ, ಬಿರುಕು ಹಿಂದಿನಿಂದ ಶುರುವಾಗುತ್ತದೆ. ಗಂಟು ಇರುವ ಹಲಗೆಯನ್ನು ಕಾಕಾ ತಾವೇ ಪಕ್ಕಕ್ಕೆ ಇಟ್ಟರು. ಕೇಳಿದ ದಪ್ಪಕ್ಕೇ ಕುಯ್ದೂ ಕೊಡುತ್ತಾರೆ. ಮಕ್ಕಳಿಗೆ ಅರ್ಧ ಇಂಚು ಸಾಕು. ದಪ್ಪ ಅರ್ಧ ಆದರೆ ಬೇಕಾಗುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಒಂದು ಇಂಚಿಗೆ ಆತುರ ಬೇಡ.

ಚಾಲೆಂಜರ್ ದುರಂತದಲ್ಲಿ 1986ರಲ್ಲಿ ತೀರಿಕೊಂಡ ಗಗನಯಾತ್ರಿ ರೊನಾಲ್ಡ್ ಮೆಕ್‌ನೇರ್ ಗೊತ್ತಲ್ವಾ, ಅವರು ಭೌತಶಾಸ್ತ್ರಜ್ಞರು, ಕರಾಟೆ ಬ್ಲ್ಯಾಕ್ ಬೆಲ್ಟ್ ಕೂಡ. ಅವರೂ ಜೊತೆಗಾರರೂ 1970ರ ದಶಕದಲ್ಲಿ ಈ ಏಟುಗಳನ್ನು ಅಳೆದಿದ್ದರು. ಮೇಲಿಂದ ಇಳಿಸುವ ಏಟಿನಲ್ಲಿ ಕೈ ಸೆಕೆಂಡಿಗೆ 10ರಿಂದ 14 ಮೀಟರ್ ವೇಗ ಮುಟ್ಟುತ್ತದೆ. ಮುಂದಕ್ಕೆ ಗುದ್ದುವಾಗ ಕೈ ಮುಕ್ಕಾಲು ಚಾಚಿದಾಗಲೇ ವೇಗ ಜಾಸ್ತಿ, ಪೂರ್ತಿ ಚಾಚುವಷ್ಟರಲ್ಲಿ ಅದು ಇಳಿದಿರುತ್ತದೆ. ಗುರಿ ಹಲಗೆಯ ಹಿಂದೆ ಇಟ್ಟರೆ ವೇಗ ಜಾಸ್ತಿ ಇರುವಾಗಲೇ ಕೈ ಹಲಗೆಗೆ ತಾಗುತ್ತದೆ. ಮಗಳ ಸರ್ "ಹಲಗೆಗೆ ಹೊಡೀಬೇಡ, ಹಿಂದಿನ ಗಾಳಿಗೆ ಹೊಡಿ" ಅಂತ ಯಾಕೆ ಹೇಳುತ್ತಿದ್ದರು ಅಂತ ನನಗೆ ಆಗ ತಿಳಿಯಿತು.

ಒಂದು ಕೊರತೆ ಇದೆ. ಅಂಚು ಒರಟು, ಸಿಬಿರು ಚುಚ್ಚುತ್ತದೆ, ಮನೆಯಲ್ಲಿ ಉಜ್ಜು ಕಾಗದ ಹಾಕಲೇಬೇಕು. ಮಳೆಗಾಲದಲ್ಲಿ ಹದಿನೈದು ದಿನ ಮೊದಲೇ ತನ್ನಿ. ನಾವು ಅಟ್ಟದ ಮೇಲೆ ಬಿಡಿಬಿಡಿಯಾಗಿ ಒರಗಿಸಿ ಇಟ್ಟಿದ್ದೆವು. ಈ ಸಲ ಮೊದಲ ಏಟಿಗೇ ಚಟಕ್ಕನೆ ಎರಡಾಯಿತು, ಕೈ ಕೆಂಪಾಗಲೂ ಇಲ್ಲ.