ಜವಾರಿ ಆಕಳಿಗೆ ಯಾವ ಕಡ್ಡಿ: ಜೆರ್ಸಿಯೋ, ಎಚ್‌ಎಫೋ, ದೇವಣಿಯೋ?

ಕೊಪ್ಪಳ, ರಾಯಚೂರು ಕಡೆಯ ಜವಾರಿ ಆಕಳು ಸಣ್ಣ ಮೈಯದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕಡ್ಡಿ, ಅಂದರೆ ಕೃತಕ ಗರ್ಭಧಾರಣೆಗೆ ಬಳಸುವ ಆ ತಳಿಯ ಹೋರಿಯ ವೀರ್ಯದ ಕಡ್ಡಿ, ಹಾಕಿಸಿದರೆ ಮುಂದಿನ ಪೀಳಿಗೆ ಹೆಚ್ಚು ಹಾಲು ಕೊಟ್ಟೀತು; ಆದರೆ ಅದು 40 ಕಿಲೋ ಹತ್ತಿರದ ಕರು ಹಾಕುವ ತಳಿ. ಮೊದಲ ಸೂಲಿನ ಕಡಸಿಗೆ ಖಂಡಿತ ಬೇಡ. ಕರು ಸಿಕ್ಕಿಕೊಂಡು ನರಳುವ ಆಕಳನ್ನು ನೋಡಿದವರಿಗೆ ಆ ರಾತ್ರಿ ಮರೆಯುವುದಿಲ್ಲ.

ಜೆರ್ಸಿ ಕರು 25 ಕಿಲೋ ಆಸುಪಾಸು, ಆಕಳು ಸಲೀಸಾಗಿ ಈಯುತ್ತದೆ. ನಮ್ಮ ಏಪ್ರಿಲ್ ಬಿಸಿಲನ್ನು ಎಚ್‌ಎಫ್‌ಗಿಂತ ಚೆನ್ನಾಗಿ ತಾಳುತ್ತದೆ, ಹಾಲಿನಲ್ಲಿ ಕೊಬ್ಬೂ ಜಾಸ್ತಿ. ಸ್ವಭಾವದಲ್ಲಿ ಮಾತ್ರ ಎಚ್‌ಎಫ್ ಮೆತ್ತಗೆ, ಜೆರ್ಸಿ ಸ್ವಲ್ಪ ಬೆದರುತ್ತದೆ. ಜೆರ್ಸಿ ಹೋರಿಯನ್ನಂತೂ ಮಕ್ಕಳು ಓಡಾಡುವಲ್ಲಿ ಕಟ್ಟಲೇಬೇಡಿ.

ಎತ್ತೂ ಬೇಕೆನ್ನುವವರಿಗೆ ಬೀದರ್ ಕಡೆಯ ದೇವಣಿ: ಸೌಮ್ಯ, ಹಾಲೂ ಉಂಟು, ಉಳುಮೆಗೂ ಆದೀತು. ಖಿಲಾರಿ ಓಟಕ್ಕೆ ಸರಿ, ಸಿಟ್ಟು ಹೆಚ್ಚು.