ಗ್ರೀನ್‌ಸ್ಟೆಡ್ ಚರ್ಚಿನ ಮರದ ಕಿಟ್: ಸಾಗರದ ಮಳೆಗಾಲದಲ್ಲಿ ಕಟ್ಟಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಈ ಕಿಟ್ ತರಿಸಬಹುದು. ತಪ್ಪುಗಳಿವೆ, ಅವನ್ನೂ ಬಿಡದೆ ಬರೆಯುತ್ತೇನೆ. ಆದರೆ ಮರದ ಕಂಬ, ಮರದ ತೊಲೆ, ಮರದ ಮುಚ್ಚಿಗೆಯ ಮನೆಯಲ್ಲಿ ಬೆಳೆದ ಮಲೆನಾಡಿನವರಿಗೆ ಇದು ಬರೀ ಆಟದ ಸಾಮಾನಲ್ಲ.

ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಗ್ರೀನ್‌ಸ್ಟೆಡ್ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿನ ಸೇಂಟ್ ಆಂಡ್ರೂ ಚರ್ಚಿನ ಮಾದರಿ ಇದು. ಅಣ್ಣನ ಮಗಳು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಳೆ, ಮೇ ತಿಂಗಳಲ್ಲಿ ಊರಿಗೆ ಬಂದಾಗ ತಂದುಕೊಟ್ಟಳು. "ಚಿಕ್ಕಪ್ಪ, ನಿಮಗೆ ಚಾಕೊಲೇಟ್ ತಂದ್ರೆ ಮಕ್ಕಳಿಗೆ ಹಂಚಿಬಿಡ್ತೀರಿ, ಅದಕ್ಕೇ ಇದನ್ನ ತಂದೆ" ಅಂದಳು. ಅವಳು ಆ ಚರ್ಚಿಗೆ ಹೋಗಿಯೂ ಬಂದಿದ್ದಾಳೆ. ಎಪ್ಪಿಂಗ್ ತನಕ ಟ್ಯೂಬ್ ರೈಲು, ಅಲ್ಲಿಂದ ಬಸ್ಸಿನಲ್ಲಿ ಚಿಪ್ಪಿಂಗ್ ಓಂಗರ್, ಆಮೇಲೆ ಹೊಲಗಳ ನಡುವೆ ಒಂದು ಮೈಲಿಯಷ್ಟು ನಡಿಗೆಯಂತೆ. ಒಳಗೆ ಹೋದ ಕೂಡಲೇ ಅಜ್ಜನ ಮನೆಯ ನಡುಮನೆ ನೆನಪಾಯಿತು, ಅಷ್ಟು ಕತ್ತಲೆ, ಅಷ್ಟು ತಂಪು ಅಂದಳು. ಅವಳು ಹಾಗೆ ಹೇಳಿದ್ದಕ್ಕೇ ನನಗೆ ಪೆಟ್ಟಿಗೆ ಬಿಚ್ಚುವ ಆಸೆ ಜಾಸ್ತಿಯಾಯಿತು.

ಬೆಲೆ ನಮ್ಮ ದುಡ್ಡಿನಲ್ಲಿ ಸುಮಾರು 4,000 ರೂಪಾಯಿ ಆಗಿದೆ. ಕಟ್ಟಿ ಮುಗಿಸಿದಾಗ ಒಂದೂವರೆ ಗೇಣು ಉದ್ದದ ಚರ್ಚು. ಪೆಟ್ಟಿಗೆಯೊಳಗೆ ತೆಳು ಪ್ಲೈವುಡ್ ಹಾಳೆಗಳು, ಗೋಡೆಗೆ ಹಚ್ಚಲು 52 ಅರೆಗುಂಡು ಕಡ್ಡಿಗಳು, ಒಂದು ಸಣ್ಣ ಟ್ಯೂಬು ಅಂಟು, ಮರಳು ಕಾಗದದ ಒಂದು ತುಂಡು, ಬಣ್ಣದ ಚಿತ್ರ ಇರುವ ಒಂದು ಪುಸ್ತಿಕೆ. ಹಾಳೆಗಳಲ್ಲಿ ತುಂಡುಗಳನ್ನು ಯಂತ್ರದಲ್ಲಿ ಕೊರೆದೇ ಇಟ್ಟಿದ್ದಾರೆ. ಬೆರಳಲ್ಲಿ ಒತ್ತಿದರೆ ಬಿಟ್ಟುಕೊಳ್ಳುತ್ತವೆ. ಕೊರೆತ ತುಂಬಾ ಚೊಕ್ಕ, ಒಂದು ಕಡೆಯೂ ಸಿಬಿರು ಎದ್ದಿಲ್ಲ. ಮಾಡಿನ ಹಾಳೆಯ ಮೇಲೆ ಹಂಚಿನ ಸಾಲುಗಳನ್ನು ಒಂದೊಂದಾಗಿ ಕೊರೆದಿದ್ದಾರೆ, ಅದನ್ನಂತೂ ಎಷ್ಟು ಹೊತ್ತು ನೋಡಿದರೂ ಸಾಕಾಗುವುದಿಲ್ಲ.

ಈಗ ಆ 52 ಕಡ್ಡಿಗಳ ವಿಷಯ. ಇಡೀ ಕಿಟ್‌ನ ಜೀವ ಇರುವುದು ಅಲ್ಲೇ.

ಇಂಗ್ಲೆಂಡಿನ ಹಳ್ಳಿ ಚರ್ಚು ಅಂದರೆ ಸಾಮಾನ್ಯವಾಗಿ ಕಲ್ಲಿನದು. ಗ್ರೀನ್‌ಸ್ಟೆಡ್‌ನಲ್ಲಿ ಜನ ಕೂರುವ ಮುಖ್ಯ ಭಾಗದ ಗೋಡೆಗಳು ಪೂರಾ ಓಕ್ ಮರದ್ದು. ಹಲಗೆ ಹೊಡೆದ ಗೋಡೆಯಲ್ಲ. ಓಕ್ ದಿಮ್ಮಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದ್ದಾರೆ. ಗುಂಡು ಮೈ ಹೊರಗೆ, ಚಪ್ಪಟೆ ಮೈ ಒಳಗೆ. ಅಂಥ ಸುಮಾರು 50 ದಿಮ್ಮಿಗಳು ಇವತ್ತಿಗೂ ನಿಂತಿವೆ. ಕಿಟ್‌ನವರು ಒಂದೆರಡು ಮುರಿದರೆ ಇರಲಿ ಅಂತ ಜಾಸ್ತಿ ಹಾಕಿದ್ದಾರೆ, ಒಳ್ಳೆಯದಾಯಿತು, ನನ್ನ ಕೈಯಲ್ಲಿ ಒಂದು ಮುರಿಯಿತು.

ಏಳೆಂಟು ಕಡ್ಡಿ ಅಂಟಿಸಿ ಜಗುಲಿ ಮೇಲೆ ಒಣಗಲು ಇಟ್ಟಿದ್ದೆ. ಬಾಗಿಲ ದಾರಂದ ಸರಿಮಾಡಲು ಬಂದಿದ್ದ ಆಚಾರ್ರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಮೇಷ್ಟ್ರೇ, ಇದು ನಮ್ಮ ದಬ್ಬೆ ಗೋಡೆ ಅಲ್ವಾ?" ಅಂದರು.

ಹೌದು, ದಬ್ಬೆ ಗೋಡೆಯೇ! ನಾನು ಮೂರು ದಿನದಿಂದ ಅದನ್ನೇ ಅಂಟಿಸುತ್ತಿದ್ದರೂ ಹೊಳೆದಿರಲಿಲ್ಲ. ಕೊಟ್ಟಿಗೆಗೆ, ಬಚ್ಚಲಿಗೆ ನಾವು ಅಡಿಕೆ ಮರ ಸೀಳಿ ಹೊಡೆಯುವ ದಬ್ಬೆ ಹೀಗೇ ತಾನೇ ಇರುವುದು, ಗುಂಡು ಮೈ ಮಳೆಯ ಕಡೆಗೆ, ಸೀಳಿದ ಮೈ ಒಳಗೆ, ನೀರು ಬಿದ್ದರೆ ನಾರಿನ ಗುಂಟ ಕೆಳಗಿಳಿದು ಹೋಗುತ್ತದೆ. ನಮ್ಮ ದಬ್ಬೆ ಕೆಲವೇ ಮಳೆಗಾಲ ಬಾಳುತ್ತದೆ. ಅವರ ಓಕ್ ಸಾವಿರ ವರ್ಷದ ಹತ್ತಿರ ಬಂದಿದೆ.

ಅದು ಹೇಗೆ ಸಾಧ್ಯ ಅಂತ ಆಚಾರ್ರನ್ನೇ ಕೇಳಿದೆ. ಅವರು ಪುಸ್ತಿಕೆಯ ಫೋಟೋಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಸೀಳಿದ ಮರಕ್ಕೂ ಗರಗಸದಲ್ಲಿ ಕೊಯ್ದ ಮರಕ್ಕೂ ಬಹಳ ವ್ಯತ್ಯಾಸ ಅಂದರು. ಗರಗಸ ನಾರನ್ನು ಅಡ್ಡಡ್ಡ ಹರಿಯುತ್ತದೆ, ಹರಿದ ಬಾಯಲ್ಲೆಲ್ಲ ನೀರು ಕುಡಿಯುತ್ತದೆ. ಸೀಳಿದ ಮರ ತನ್ನ ನಾರಿನ ದಾರಿಯಲ್ಲೇ ಬಿಡುವುದರಿಂದ ಬಾಯಿ ತೆರೆಯುವುದಿಲ್ಲ. ಓಕ್‌ನ ಚೇಗು ಬೇರೆ ಗಟ್ಟಿ, ಅದರಲ್ಲಿ ಒಗರಿನ ಅಂಶ ತುಂಬಾ ಇದೆ, ಹುಳಕ್ಕೆ ಆಗಿಬರುವುದಿಲ್ಲ. ಎರಡು ದಿಮ್ಮಿ ಕೂಡುವಲ್ಲಿ ಎರಡರ ಅಂಚಿಗೂ ಸಣ್ಣ ಕಾಲುವೆ ತೋಡಿ, ನಡುವೆ ಓಕ್‌ನದೇ ಒಂದು ಪಟ್ಟಿ ತೂರಿಸಿದ್ದಾರೆ. ಮರ ಒಣಗಿ ಕುಗ್ಗಿದರೂ ಸಂದಿಯಲ್ಲಿ ಗಾಳಿ ಮಳೆ ನುಗ್ಗುವುದಿಲ್ಲ. ಒಳಮೈಯನ್ನು ಬಾಚಿಯಲ್ಲಿ ಕೆತ್ತಿದ ಗುರುತು ಇನ್ನೂ ಕಾಣುತ್ತದೆ. ಫೋಟೋದಲ್ಲಿ ಆ ಬಾಚಿ ಏಟುಗಳ ಮೇಲೆ ಆಚಾರ್ರು ಬೆರಳಿಟ್ಟು, "ಬಲಗೈಯವನೇ ಹೊಡೆದಿದ್ದು" ಅಂದರು. ನಾನು ಆ ಪುಟವನ್ನು ಎಷ್ಟೋ ಸಲ ತಿರುಗಿಸಿದ್ದೆ, ಏಟುಗಳನ್ನು ನೋಡಿಯೇ ಇರಲಿಲ್ಲ.

ಈ ಸಂದಿಪಟ್ಟಿಯನ್ನು ಕಿಟ್‌ನವರು ಬಿಟ್ಟಿದ್ದಾರೆ. ಕಡ್ಡಿಗಳನ್ನು ಪಕ್ಕಪಕ್ಕ ಒತ್ತಿ ಅಂಟಿಸಿ ಅನ್ನುತ್ತಾರೆ ಅಷ್ಟೇ. ಇಷ್ಟು ಸಣ್ಣ ಅಳತೆಯಲ್ಲಿ ಕಷ್ಟ, ಒಪ್ಪುತ್ತೇನೆ. ಆದರೆ ಒಂದು ದೊಡ್ಡ ಚಿತ್ರ ಬರೆದು ತೋರಿಸಬಹುದಿತ್ತು.

ಪುಸ್ತಿಕೆಯ ಬಗ್ಗೆ ಇನ್ನೊಂದು ದೂರು ಇದೆ. ಚರ್ಚಿನ ಕಾಲವನ್ನು ಒಂದು ಕಡೆ ಕ್ರಿ.ಶ. 845 ಅಂತ ಹಾಕಿದ್ದಾರೆ. ಅದು ಹಳೆಯ ಲೆಕ್ಕ. ಮರದ ಉಂಗುರ ಎಣಿಸಿ ಮೊದಲು ಹಾಗೆ ಅಂದಾಜು ಮಾಡಿದ್ದು ನಿಜ, ಆದರೆ 1990ರ ದಶಕದಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ 11ನೇ ಶತಮಾನದ ಎರಡನೇ ಅರ್ಧದ ಆಸುಪಾಸು ಅಂತ ಗೊತ್ತಾಯಿತು. ಉಂಗುರ ಎಣಿಸಿದರೂ ಇಂಥದೇ ವರ್ಷ ಅಂತ ಯಾಕೆ ಹೇಳಲಾಗುವುದಿಲ್ಲ ಅಂದರೆ, ದಿಮ್ಮಿಯ ಹೊರಗಿನ ಬಿಳಿ ಭಾಗ ಉಳಿದಿಲ್ಲ, ಕೊನೆಯ ಉಂಗುರಗಳೂ ಅದರ ಜೊತೆಗೇ ಹೋಗಿವೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಿದ್ದು 1066ರಲ್ಲಿ. ಹೆಚ್ಚುಕಮ್ಮಿ ಆ ಕಾಲದ ಗೋಡೆ ಇದು. ನಮ್ಮ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯೂ ಅದೇ ಶತಮಾನದ್ದು. ಅಲ್ಲಿ ಚಾಲುಕ್ಯರ ಶಿಲ್ಪಿಗಳು ಕಲ್ಲಿನಲ್ಲಿ ಕುಸುರಿ ಕೆಲಸ ಮಾಡುತ್ತಿದ್ದ ಕಾಲಕ್ಕೆ, ಇಲ್ಲೊಬ್ಬ ಬಡಗಿ ಓಕ್ ಸೀಳಿ ನಿಲ್ಲಿಸುತ್ತಿದ್ದ. ಕಲ್ಲು ಉಳಿದಿದ್ದರಲ್ಲಿ ಆಶ್ಚರ್ಯವಿಲ್ಲ, ಮರ ಉಳಿದಿದೆಯಲ್ಲ! ಪ್ರಪಂಚದಲ್ಲೇ ಅತಿ ಹಳೆಯ ಮರದ ಚರ್ಚು ಇದು ಅನ್ನುತ್ತಾರೆ.

ಅದಕ್ಕೂ ಮೊದಲೇ ಆ ಜಾಗದಲ್ಲಿ ಪೂಜೆ ನಡೆಯುತ್ತಿತ್ತು. 1960ರಲ್ಲಿ ನೆಲ ಅಗೆದಾಗ ಇನ್ನೂ ಹಳೆಯ ಎರಡು ಮರದ ಕಟ್ಟಡಗಳ ಗುರುತು ಸಿಕ್ಕಿತು. ವೈಕಿಂಗರು ಕೊಂದ ಈಸ್ಟ್ ಆಂಗ್ಲಿಯಾದ ರಾಜ ಎಡ್ಮಂಡನ ದೇಹವನ್ನು 1013ರಲ್ಲಿ ಲಂಡನ್ನಿನಿಂದ ಊರಿಗೆ ಒಯ್ಯುವಾಗ ಒಂದು ರಾತ್ರಿ ಇಲ್ಲಿ ಇಳಿಸಿದ್ದರು ಅಂತ ಹೇಳಿಕೆ ಇದೆ.

ಕಟ್ಟುವ ಕ್ರಮ ಚೆನ್ನಾಗಿದೆ. ಮೊದಲು ಮರದ ಗೋಡೆ, ಆಮೇಲೆ ಗರ್ಭಗುಡಿಯ ಜಾಗದ ಇಟ್ಟಿಗೆ ಭಾಗ, ಅದು ಸುಮಾರು 1500ರ ಹೊತ್ತಿನದು. ಆಮೇಲೆ ಹಂಚಿನ ಮಾಡು, ಮಾಡಿನಿಂದ ಹೊರಗೆ ಚಾಚಿದ ಕಿಟಕಿಗಳು, ಕೊನೆಗೆ ಬಿಳಿ ಹಲಗೆಯ ಗೋಪುರ. ಕಾಲದ ಕ್ರಮದಲ್ಲೇ ಕಟ್ಟುತ್ತಾ ಹೋಗುತ್ತೇವೆ. ಮೊದಲು ಹುಲ್ಲಿನ ಮಾಡು ಇತ್ತಂತೆ, ಕಿಟಕಿಯೇ ಇರಲಿಲ್ಲವಂತೆ. ಮಾಡಿನ ಕಿಟಕಿ ಅಂಟಿಸುವ ಮೊದಲು ಒಳಗೆ ಕಣ್ಣಿಟ್ಟು ನೋಡಿ, ಅಣ್ಣನ ಮಗಳು ಹೇಳಿದ ಕತ್ತಲೆ ಅರ್ಥವಾಗುತ್ತದೆ. ಉತ್ತರದ ಗೋಡೆಯಲ್ಲಿ ಒಂದು ಸಣ್ಣ ತೂತು ಇದೆ. ಕುಷ್ಠರೋಗಿಗಳು ಹೊರಗೆ ನಿಂತು ಇದರಿಂದ ಪೂಜೆ ನೋಡುತ್ತಿದ್ದರು ಅಂತ ಪುಸ್ತಿಕೆ ಬರೆಯುತ್ತದೆ. ಅದು ಜನ ಹೇಳುವ ಕಥೆ. ತೀರ್ಥ ಇಡುವ ಗೂಡಾಗಿರಬಹುದು ಅನ್ನುವ ಅಭಿಪ್ರಾಯವೂ ಇದೆ, ಅದನ್ನೂ ಬರೆಯಬೇಕಿತ್ತು.

ಪುಸ್ತಿಕೆಯಲ್ಲಿ ನನಗೆ ಬಹಳ ಇಷ್ಟವಾಗಿದ್ದು ಕೊನೆಯ ಪುಟ. 1833ರಲ್ಲಿ ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಅನ್ನುವ ಹಳ್ಳಿಯಲ್ಲಿ ಆರು ಜನ ಕೃಷಿ ಕೂಲಿಕಾರರು ಕೂಲಿ ಕಡಿತದ ವಿರುದ್ಧ ಸಂಘ ಕಟ್ಟಿದರು. ಗುಟ್ಟಾಗಿ ಪ್ರಮಾಣ ಮಾಡಿದ್ದೇ ಅಪರಾಧ ಅಂತ 1834ರಲ್ಲಿ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಇಂಗ್ಲೆಂಡಿನಲ್ಲಿ ಜನ ಬೀದಿಗಿಳಿದ ಮೇಲೆ 1836ರಲ್ಲಿ ಕ್ಷಮೆ ಸಿಕ್ಕಿತು. ವಾಪಸ್ ಬಂದವರಲ್ಲಿ ಕೆಲವರಿಗೆ ಗ್ರೀನ್‌ಸ್ಟೆಡ್ ಹತ್ತಿರ ಉಳಲು ಜಮೀನು ಕೊಡಿಸಿದರು. ಅವರಲ್ಲಿ ಒಬ್ಬ ಜೇಮ್ಸ್ ಬ್ರೈನ್, ಜೊತೆಗೇ ಗಡೀಪಾರಾಗಿದ್ದ ಥಾಮಸ್ ಸ್ಟ್ಯಾಂಡ್‌ಫೀಲ್ಡ್ ಮಗಳು ಎಲಿಜಬೆತ್‌ಳನ್ನು 1839ರಲ್ಲಿ ಇದೇ ಚರ್ಚಿನಲ್ಲಿ ಮದುವೆಯಾದ. ಸಾಗರದವರಿಗೆ ಇದನ್ನು ಓದಿದರೆ ಕಾಗೋಡು ನೆನಪಾಗದೆ ಇರುತ್ತದಾ? 1951ರಲ್ಲಿ ಗೇಣಿ ಅಳೆಯುವ ಕೊಳಗದ ಅನ್ಯಾಯಕ್ಕೆ ಗಣಪತಿಯಪ್ಪನವರ ಜೊತೆ ಎದ್ದು ನಿಂತ ರೈತರು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಇದೆಲ್ಲ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಕೇಳಿದ ಕಥೆ. ಆ ಓಕ್ ಗೋಡೆಗಳ ನಡುವೆ ಗಡೀಪಾರಿನಿಂದ ಮರಳಿದ ಕೂಲಿಯ ಹುಡುಗನೊಬ್ಬ ಮದುಮಗನಾಗಿ ನಿಂತಿದ್ದ ಅನ್ನುವುದು ನನಗೆ ರಾಜ ಎಡ್ಮಂಡನ ಕಥೆಗಿಂತ ದೊಡ್ಡದು.

ಈಗ ಆ ಎರಡು ದೊಡ್ಡ ತಪ್ಪುಗಳು. ಮೊದಲನೆಯದು ಅಂಟು. ಜೊತೆಗೆ ಬಂದ ಟ್ಯೂಬಿನ ಅಂಟು ನಮ್ಮ ಆಷಾಢದ ಹವೆಯಲ್ಲಿ ಎರಡು ದಿನವಾದರೂ ಹಿಡಿಯಲಿಲ್ಲ. ಅದನ್ನು ಎಸೆದು ಫೆವಿಕಾಲ್ ಹಾಕಿದೆ. ಪ್ಲೈವುಡ್ ಕೂಡ ತೇವ ಕುಡಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ರಾತ್ರಿ ಇಟ್ಟು, ಹಗಲು ತೆಗೆದು ಕೆಲಸ ಮಾಡಿದೆ. ಅಷ್ಟಾದರೂ ಜುಲೈ ಕೊನೆಯಲ್ಲಿ ಒಂದು ವಾರ ಬಿಡದೆ ಮಳೆ ಹೊಯ್ದಾಗ, ಗೋಡೆಗಳ ಬುಡ ಊದಿ, ಕಡ್ಡಿಗಳ ಕಾಲಲ್ಲಿ ಬೂಷ್ಟು ಹಿಡಿಯಿತು. ಮೇಲೆಲ್ಲ ಗಟ್ಟಿ, ಬುಡ ಮಾತ್ರ ಮೆತ್ತಗೆ.

ನಿಜವಾದ ಚರ್ಚಿಗೂ ಇದೇ ಆಗಿತ್ತು. ದಿಮ್ಮಿಗಳ ಬುಡ ಕೊಳೆತು, 1848ರ ದುರಸ್ತಿಯಲ್ಲಿ ಕೊಳೆತಷ್ಟನ್ನು ಕತ್ತರಿಸಿ, ಕೆಳಗೆ ಇಟ್ಟಿಗೆ ಕಟ್ಟಿ, ಅದರ ಮೇಲೆ ಗೋಡೆ ಕೂರಿಸಿದರು. ಹಾಗಾಗಿ ಇವತ್ತು ಕಾಣುವ ದಿಮ್ಮಿಗಳು ಮೊದಲಿಗಿಂತ ಗಿಡ್ಡ. ಆ ದುರಸ್ತಿಯಲ್ಲಿ ಹಳೆಯದನ್ನು ಅತಿಯಾಗಿ ಬದಲಿಸಿದರು ಅಂತ ಬೈಯುವವರಿದ್ದಾರೆ. ನನಗೆ ಬೈಯಲು ಬಾಯಿ ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬುವ ಮೊದಲು ನಮ್ಮಜ್ಜ ಮನೆ ಬಿಚ್ಚಿ, ಕಂಬ ತೊಲೆಗಳನ್ನು ಲಾರಿಯಲ್ಲಿ ಈಚೆ ತಂದರು. ಕಂಬಗಳ ಬುಡವನ್ನು ಒರಲೆ ತಿಂದಿತ್ತು. ಒಂದು ಮೊಳದಷ್ಟು ಕೊಯ್ದು, ಕೆಳಗೆ ಎತ್ತರದ ಕಲ್ಲು ಕೊಟ್ಟು ನಿಲ್ಲಿಸಿದರು. ಅದೇ ಕಂಬಕ್ಕೆ ಒರಗಿ ನಾನು ಇದನ್ನು ಬರೆಯುತ್ತಿದ್ದೇನೆ. ಅವತ್ತು ಕೊಯ್ಯದಿದ್ದರೆ ಇವತ್ತು ಕಂಬವೇ ಇರುತ್ತಿರಲಿಲ್ಲ.

ಎರಡನೆಯ ದೊಡ್ಡ ತಪ್ಪು ಅದಕ್ಕೇ ನನಗೆ ಅಷ್ಟು ಬೇಜಾರು ತಂದಿತು. ಗೋಡೆಯನ್ನು ಉಳಿಸಿದ ಆ ಇಟ್ಟಿಗೆಯ ಅಡಿಪಾಯವನ್ನು ಕಿಟ್‌ನವರು ಒಂದು ಕಾಗದದ ಪಟ್ಟಿಯಾಗಿ ಕೊಟ್ಟಿದ್ದಾರೆ. ಗೋಡೆಯ ಮೇಲೆ ಇಟ್ಟಿಗೆ ಚಿತ್ರ ಅಂಟಿಸಿದರೆ ಆಯಿತು. ಮರ ನೆಲಕ್ಕೆ ತಾಗಿಯೇ ಇರುತ್ತದೆ! ಕಂಪನಿಗೆ ಎರಡು ಸಲ ಮೇಲ್ ಬರೆದೆ, ಉತ್ತರ ಬಂದಿಲ್ಲ.

ಆಚಾರ್ರು ಸಂಜೆ ಬಂದು ಊದಿದ ಬುಡವನ್ನು ಒಂದು ನೂಲಿನಷ್ಟು ಸಣ್ಣ ಗರಗಸದಲ್ಲಿ ಕೊಯ್ದರು. ಹೊನ್ನೆ ಮರದ ಚೂರಿನಿಂದ ತೆಳು ಪಟ್ಟಿ ಕೀಸಿ, ನಾಲ್ಕೂ ಕಡೆ ಕೆಳಗೆ ಕೊಟ್ಟು ಗೋಡೆ ಕೂರಿಸಿದರು. ಹೊನ್ನೆಯ ಕೆಂಪು ಥೇಟ್ ಇಟ್ಟಿಗೆ ಹಾಗೇ ಕಾಣುತ್ತದೆ. ದುಡ್ಡು ಕೇಳಲಿಲ್ಲ, ಎರಡು ಲೋಟ ಚಹಾ ಕುಡಿದು ಹೋದರು. ಆಮೇಲೆ ಬುಡ ಊದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊರೆತಕ್ಕೆ ಪೂರ್ತಿ ಅಂಕ, ಅಂಟಿಗೆ ಸೊನ್ನೆ. ತರಿಸುವವರು ದಯವಿಟ್ಟು ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಹಾಳೆಗಳಿಗೆ ಮೊದಲೇ ಒಂದು ಕೈ ವಾರ್ನಿಷ್ ಹೊಡೆದುಕೊಳ್ಳಿ. ಹತ್ತು ವರ್ಷ ದಾಟಿದ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ಕಡ್ಡಿ ಅಂಟಿಸುವ ಕೆಲಸವನ್ನು ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಇನ್ನೊಂದು ಮರೆತೆ. ನಿಜವಾದ ಗೋಪುರದಲ್ಲಿ ಒಂದು ಗಂಟೆ ಇದೆ, ಅದರ ಮೇಲೆ "ನನ್ನನ್ನು ಮಾಡಿದವನು ವಿಲಿಯಂ ಲ್ಯಾಂಡ್, 1618" ಅಂತ ಅಚ್ಚಾಗಿದೆ. ಕಿಟ್‌ನ ಗೋಪುರ ಖಾಲಿ. ಪಕ್ಕದ ಮನೆಯ ಹುಡುಗ ಅದನ್ನು ನೋಡಿ, ಕರುವಿನ ಹಳೇ ಕೊರಳಪಟ್ಟಿಯಿಂದ ಒಂದು ಗೆಜ್ಜೆ ಕಿತ್ತು ತಂದು, ಒಳಗೆ ದಾರದಲ್ಲಿ ಕಟ್ಟಿಕೊಟ್ಟ. ಶಾಲೆಯಿಂದ ಬಂದವನು ದಿನಾ ಒಂದು ಸಲ ಅಲ್ಲಾಡಿಸಿ ಹೋಗುತ್ತಾನೆ.